ನಾಯಿಗೆ ಪ್ಯಾಂಕ್ರಿಯಾಟೈಟಿಸ್ ಡೌಟ್ ಇದ್ಯಾ? ರಕ್ತ, ಮೂತ್ರದ ರಿಪೋರ್ಟ್ ಎಲ್ಲೆಲ್ಲಿ ದಾರಿ ತಪ್ಪಿಸುತ್ತೆ ನೋಡಿ

ನಾಯಿ ವಾಂತಿ ಮಾಡ್ತಿದೆ, ಊಟದ ಹತ್ರಾನೂ ಹೋಗ್ತಿಲ್ಲ, ಹೊಟ್ಟೆ ಮುಟ್ಟಿದ್ರೆ ಮೈ ಬಿಗಿ ಹಿಡಿಯುತ್ತೆ, ಆಗಾಗ ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ನಿಂತ್ಕೊಳ್ಳುತ್ತೆ. ಡಾಕ್ಟರ್ ರಕ್ತ ತಗೊಂಡ್ರು, ರಿಪೋರ್ಟ್ ಬಂತು, ಊಟ ಜೀರ್ಣ ಮಾಡೋ ಕಿಣ್ವಗಳಾದ ಅಮೈಲೇಸ್ ಮುಂದೆ ಒಂದು ‘ಹೈ’ ಮಾರ್ಕ್, ಲೈಪೇಸ್ ಮುಂದೆ ಇನ್ನೊಂದು, ಯಾರೋ ನೋಡಿ ‘ಪ್ಯಾಂಕ್ರಿಯಾಸ್ ಊದಿದೆ’ ಅಂದ್ಬಿಟ್ರು. ಇದರ ಉಲ್ಟಾನೂ ನಡೆಯುತ್ತೆ, ಎಲ್ಲಾ ನಾರ್ಮಲ್ ಬಂದು ನಾಯಿ ಮಾತ್ರ ಕುಸಿದು ಮಲಗಿರುತ್ತೆ.

ಎರಡೂ ಕಡೆ ತಪ್ಪಾಗೋದು ಒಂದೇ ಕಾರಣಕ್ಕೆ, ಒಂದೇ ನಂಬರ್ ನೋಡಿ ತೀರ್ಮಾನ ಮಾಡೋದು. ಪ್ಯಾಂಕ್ರಿಯಾಟೈಟಿಸ್, ಅಂದ್ರೆ ಜೀರ್ಣಕ್ಕೆ ಕಿಣ್ವ ತಯಾರಿಸೋ ಪ್ಯಾಂಕ್ರಿಯಾಸ್ (ಮೇದೋಜೀರಕ) ಗ್ರಂಥಿಯ ಉರಿಯೂತಕ್ಕೆ ‘ಇದಿದ್ರೆ ಹೌದು, ಇಲ್ಲದಿದ್ರೆ ಇಲ್ಲ’ ಅನ್ನೋ ಥರದ ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ. ಇನ್ನು ಮೂತ್ರದ ವಿಷಯಕ್ಕೆ ಬಂದ್ರೆ, ಅದು ಪ್ಯಾಂಕ್ರಿಯಾಸ್ ಬಗ್ಗೆ ನೇರವಾಗಿ ಏನೂ ಹೇಳಲ್ಲ, ಆದ್ರೆ ರಕ್ತದಲ್ಲಿ ಬಂದ ನಂಬರನ್ನ ಎಷ್ಟು ನಂಬಬಹುದು ಅನ್ನೋದನ್ನ ಅದರಷ್ಟು ಅಗ್ಗವಾಗಿ, ಬೇಗ ಹೇಳೋದು ಬೇರೊಂದಿಲ್ಲ. ಹಾಗಿದ್ರೂ ಹೆಚ್ಚಿನ ಕಡೆ ಮೂತ್ರಾನೇ ತಗೊಂಡಿರಲ್ಲ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ನಾಯಿ ಎದ್ದು ನಿಲ್ಲೋಕಾಗ್ತಿಲ್ಲ, ವಸಡು ಬಿಳಚಿದೆ ಅಥವಾ ಹಳದಿಯಾಗಿದೆ, ಉಸಿರು ಜೋರಾಗಿದೆ, ಮೂತ್ರಾನೇ ನಿಂತಿದೆ ಅಂದ್ರೆ ಇದನ್ನ ಓದ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮನೇಲಿರೋ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮನುಷ್ಯರ ನೋವಿನ ಮಾತ್ರೆ ಅಂತೂ ಕೊಡಲೇಬೇಡಿ.

ಮೊದಲ ಅನುಮಾನ ಸ್ಯಾಂಪಲ್ ಮೇಲೆ

ರಿಪೋರ್ಟ್ ಕೈಗೆ ಬಂದ ತಕ್ಷಣ ಬಲಗಡೆ ಕಾಲಂ ನೋಡಿ, ಅಂದ್ರೆ ರೆಫರೆನ್ಸ್ ರೇಂಜ್. ಅದು ನಾಯಿಯದ್ದಾ, ಮನುಷ್ಯರದ್ದಾ? ಮನುಷ್ಯರ ಲ್ಯಾಬಲ್ಲಿ ಓಡಿಸಿದ ರಿಪೋರ್ಟಲ್ಲಿ ಅಮೈಲೇಸ್ ಮೇಲ್ಮಿತಿ 100ರ ಆಸುಪಾಸಲ್ಲಿ ಇರುತ್ತೆ. ಆದ್ರೆ ಆರೋಗ್ಯವಾಗಿರೋ ನಾಯಿಯ ರಕ್ತದಲ್ಲೇ ಅಮೈಲೇಸ್ ನೂರಾರು ಯೂನಿಟ್ ಇರುತ್ತೆ, ಕೆಲವು ಮೆಷಿನ್‌ಗಳ ರೇಂಜ್ 1500ರ ತನಕ ಹೋಗುತ್ತೆ. ಅಂದ್ರೆ 800 ಬಂದು ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’ ಅಂತ ಪ್ರಿಂಟ್ ಆಗಿದ್ರೂ ಆ ನಾಯಿಗೆ ಅದು ಮಾಮೂಲಿ ನಂಬರ್ ಆಗಿರಬಹುದು. ಇದೊಂದನ್ನ ನೋಡದೆ ಎಷ್ಟು ನಾಯಿಗಳು ಸುಮ್‌ಸುಮ್ನೆ ಡ್ರಿಪ್ ಹಾಕ್ಸ್ಕೊಂಡಿರ್ತವೋ ಏನೋ.

ಎರಡನೇದು ಟ್ಯೂಬ್. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ರಕ್ತಕಣ ಎಣಿಸೋಕೆ, ಬಯೋಕೆಮಿಸ್ಟ್ರಿಗೆ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗೋ ತಿಳಿ ದ್ರವ) ಟ್ಯೂಬ್ ಬೇರೆ. ರಕ್ತ ಕಮ್ಮಿ ಬಂತು ಅಂತ ಒಂದರಿಂದ ಇನ್ನೊಂದಕ್ಕೆ ಸುರಿದ್ರೆ, ಅಥವಾ ಸೂಜಿ ಮೊದಲು ಇಡಿಟಿಎಗೆ ತಾಗಿ ಆಮೇಲೆ ಸೀರಮ್ ಟ್ಯೂಬಿಗೆ ಹೋದ್ರೆ, ಪೊಟ್ಯಾಶಿಯಂ ಮೇಲೆ ಹೋಗುತ್ತೆ, ಕ್ಯಾಲ್ಶಿಯಂ ಮತ್ತೆ ಎಎಲ್‌ಪಿ (ಒಂದು ಲಿವರ್ ಕಿಣ್ವ) ಕೆಳಗೆ ಬೀಳುತ್ತೆ. ಈ ಮೂರೂ ಒಟ್ಟಿಗೆ ಬಂದು ನಾಯಿ ಸ್ಥಿತಿಗೆ ತಾಳೆ ಆಗ್ತಿಲ್ಲ ಅಂದ್ರೆ ಕಾಯಿಲೆ ಹುಡುಕೋ ಮೊದಲು ರಕ್ತ ಮತ್ತೊಮ್ಮೆ ತಗೊಳ್ಳಿ. ಯಾಕಂದ್ರೆ ಪ್ಯಾಂಕ್ರಿಯಾಟೈಟಿಸಲ್ಲಿ ಕ್ಯಾಲ್ಶಿಯಂ ನಿಜವಾಗ್ಲೂ ಸ್ವಲ್ಪ ಇಳಿಯುತ್ತೆ, ಪೊಟ್ಯಾಶಿಯಂ ಏರಿದ್ರೆ ಅಡಿಸನ್ ಕಾಯಿಲೆ (ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಥರದ ಹಾರ್ಮೋನ್ ಕಮ್ಮಿಯಾಗೋದು) ನೆನಪಾಗುತ್ತೆ, ಒಂದು ಟ್ಯೂಬಿನ ಎಡವಟ್ಟಿಂದ ಎರಡು ಸುಳ್ಳು ಜಾಡು ಹುಟ್ಕೊಳ್ಳುತ್ತೆ.

ಸೀರಮ್ ಬೇರೆ ಮಾಡದೆ ಗಂಟೆಗಟ್ಟಲೆ ಇಟ್ರೆ ರಕ್ತಕಣಗಳು ಗ್ಲೂಕೋಸನ್ನ ತಿಂತಾನೇ ಇರ್ತವೆ, ರಿಪೋರ್ಟಲ್ಲಿ ಶುಗರ್ ಕಮ್ಮಿ ಬರುತ್ತೆ. ಇದು ಗೊತ್ತಿರಲಿ ಸಾಕು.

ಮೂರನೇದು ಸೀರಮ್ ಬಣ್ಣ. ಹಾಲಿನ ಥರ ಬೆಳ್ಳಗಿದ್ರೆ ಅದರಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ತುಂಬ್ಕೊಂಡಿದೆ ಅಂತ, ಅಂಥ ಸ್ಯಾಂಪಲಲ್ಲಿ ಬೆಳಕು ಹಾಯಿಸಿ ಅಳೆಯೋ ಟೆಸ್ಟ್‌ಗಳು ಎತ್ತೆತ್ತಲೋ ಹೋಗ್ತವೆ, ಸೋಡಿಯಂ ಕೂಡ ಕೆಲವು ಮೆಷಿನಲ್ಲಿ ಸುಳ್ಳು ಕಮ್ಮಿ ತೋರಿಸುತ್ತೆ. ಈಗಷ್ಟೇ ತಿಂದ ನಾಯಿ ಆದ್ರೆ 12 ಗಂಟೆ ಖಾಲಿ ಹೊಟ್ಟೆ ಇಟ್ಟು ಮತ್ತೆ ತಗೊಳ್ಳಿ ಅನ್ನಬಹುದು. ಆದ್ರೆ ನಿನ್ನೆಯಿಂದ ಒಂದಗುಳೂ ಒಳಗೆ ಹೋಗದ ನಾಯಿಯ ಸೀರಮ್ ಬೆಳ್ಳಗಿದೆ ಅಂದ್ರೆ ಅದನ್ನ ಸ್ಯಾಂಪಲ್ ಕೆಟ್ಟಿದೆ ಅಂತ ಎಸೆಯೋ ಹಾಗಿಲ್ಲ, ಅದೇ ಒಂದು ಸುಳಿವು. ಮಿನಿಯೇಚರ್ ಶ್ನಾಜರ್‌ಗಳಲ್ಲಿ ವಂಶಪಾರಂಪರ್ಯವಾಗಿ ಟ್ರೈಗ್ಲಿಸರೈಡ್ ಜಾಸ್ತಿ ಇರೋದು ಸಾಮಾನ್ಯ, ಈ ತಳಿಗೆ ಪ್ಯಾಂಕ್ರಿಯಾಟೈಟಿಸ್ ಕಾಟ ಹೆಚ್ಚಿರೋದಕ್ಕೆ ಅದೂ ಒಂದು ಕಾರಣ. ಶುಗರ್ ಕಾಯಿಲೆ, ಥೈರಾಯ್ಡ್ ಕಮ್ಮಿ ಇರೋದು, ಕುಶಿಂಗ್ಸ್ (ಕಾರ್ಟಿಸಾಲ್ ಹೆಚ್ಚಾಗೋ ಕಾಯಿಲೆ), ಇವುಗಳಲ್ಲೂ ಕೊಬ್ಬು ಏರುತ್ತೆ.

ಅಮೈಲೇಸ್ ಲೈಪೇಸ್ ಏರಿದೆ, ಹಾಗಂತ?

ಹಳೇ ಎರಡು ಮಾರ್ಕರ್ ಇವು. ತೊಂದರೆ ಏನಂದ್ರೆ ಇವೆರಡೂ ಪ್ಯಾಂಕ್ರಿಯಾಸ್ ಒಂದರದ್ದೇ ಸ್ವತ್ತಲ್ಲ. ಅಮೈಲೇಸ್ ಕರುಳಿಂದಲೂ ಬರುತ್ತೆ, ಲೈಪೇಸ್ ಜಠರದಿಂದಲೂ ಬರುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ ಇವು ರಕ್ತದಿಂದ ಖಾಲಿಯಾಗೋಕೆ ಕಿಡ್ನಿ ಸರಿಯಾಗಿ ಕೆಲಸ ಮಾಡ್ಬೇಕು. ಕಿಡ್ನಿ ಸೋಸೋದು ಕಮ್ಮಿಯಾದ್ರೆ ಪ್ಯಾಂಕ್ರಿಯಾಸ್ ಪೂರ್ತಿ ಚೆನ್ನಾಗಿದ್ರೂ ಇವು ಎರಡು ಮೂರು ಪಟ್ಟು ಏರಿ ಕೂರಬಹುದು. ಡೆಕ್ಸಾಮೆಥಾಸೋನ್ ಥರದ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ರೂ ಲೈಪೇಸ್ ಏರುತ್ತೆ. ವಾಂತಿಗೆ ಅಂತ ಮೊದಲು ಬೇರೆ ಕಡೆ ತೋರಿಸಿದಾಗ ಯಾವ ಇಂಜೆಕ್ಷನ್ ಹಾಕಿದ್ರು ಅಂತ ಯಾರೂ ನೆನಪಿಟ್ಕೊಂಡಿರಲ್ಲ, ದಯವಿಟ್ಟು ಚೀಟಿ ಇಟ್ಕೊಳ್ಳಿ.

ಹಾಗಾಗಿ ಹಳೇ ಲೆಕ್ಕ ಹೀಗೆ: ಮೇಲ್ಮಿತಿಯ ಮೂರರಿಂದ ಐದು ಪಟ್ಟು ದಾಟಿ, ಕಿಡ್ನಿ ನಂಬರ್ ಸರಿಯಿದ್ದು, ನಾಯಿಯ ಲಕ್ಷಣವೂ ಹೊಂದಿದ್ರೆ ಮಾತ್ರ ಅನುಮಾನ ಗಟ್ಟಿ ಮಾಡ್ಕೊಳ್ಳಿ. ಸ್ವಲ್ಪ ಏರಿದ್ರೆ ಅದರಿಂದ ಏನೂ ಗೊತ್ತಾಗಲ್ಲ. ನಾರ್ಮಲ್ ಬಂದ್ರೂ ಏನೂ ಗೊತ್ತಾಗಲ್ಲ, ಬಯಾಪ್ಸಿಯಲ್ಲಿ ಗ್ಯಾರಂಟಿಯಾದ ಪ್ಯಾಂಕ್ರಿಯಾಟೈಟಿಸ್ ನಾಯಿಗಳಲ್ಲೂ ಇವು ನಾರ್ಮಲ್ ಬಂದಿರೋದು ಉಂಟು. ನನ್ನ ಕೇಳಿದ್ರೆ ಅಮೈಲೇಸನ್ನ ಈ ಕೆಲಸಕ್ಕೆ ಲೆಕ್ಕಕ್ಕೇ ತಗೋಬಾರದು.

ಲೈಪೇಸಲ್ಲಿ ಒಂದು ಬೇರೆ ಜಾತಿ ಇದೆ, ಡಿಜಿಜಿಆರ್ ಲೈಪೇಸ್ ಅಂತಾರೆ. ಅಳೆಯೋಕೆ ಬಳಸೋ ರಾಸಾಯನಿಕ ಬೇರೆ, ಹಳೇ ಲೈಪೇಸ್‌ಗಿಂತ ಪ್ಯಾಂಕ್ರಿಯಾಸಿಗೆ ಹತ್ತಿರವಾದ ಉತ್ತರ ಕೊಡುತ್ತೆ, ಕೆಳಗೆ ಹೇಳೋ ಸಿಪಿಎಲ್‌ಐ ಜೊತೆ ಸುಮಾರಾಗಿ ಹೊಂದುತ್ತೆ. ಆದ್ರೆ ಕಟ್ ಆಫ್ ಲ್ಯಾಬಿಂದ ಲ್ಯಾಬಿಗೆ ಬದಲಾಗುತ್ತೆ, ಅದಕ್ಕೆ ಒಂದು ಕಡೆಯ ನಂಬರನ್ನ ಇನ್ನೊಂದು ಕಡೆಯ ರೇಂಜಿಗೆ ಹೋಲಿಸಿ ತಲೆ ಕೆಡಿಸ್ಕೋಬೇಡಿ. ರಿಪೋರ್ಟಲ್ಲಿ ಬರೀ ‘ಲೈಪೇಸ್’ ಅಂತ ಇದ್ರೆ ಯಾವ ವಿಧಾನ ಅಂತ ಫೋನ್ ಮಾಡಿ ಕೇಳಿ.

ಮೂತ್ರ ನೋಡದೆ ಮುಂದಕ್ಕೆ ಹೋಗ್ಬೇಡಿ

ಹೀಗೊಂದು ರಿಪೋರ್ಟ್ ಅಂದ್ಕೊಳ್ಳಿ. ಕ್ರಿಯಾಟಿನಿನ್ 3.1, ಯೂರಿಯಾ ಜಾಸ್ತಿ (ಇವೆರಡೂ ಕಿಡ್ನಿ ನಂಬರ್), ಲೈಪೇಸ್ ಮೇಲ್ಮಿತಿಯ ಎರಡೂವರೆ ಪಟ್ಟು, ನಾಯಿ ವಾಂತಿ ಮಾಡ್ತಿದೆ. ಈಗ ಇದು ಕಿಡ್ನಿ ಕೆಟ್ಟು ಲೈಪೇಸ್ ಏರಿದ್ದಾ, ಇಲ್ಲಾ ಪ್ಯಾಂಕ್ರಿಯಾಟೈಟಿಸ್ ಆಗಿ ವಾಂತಿ ಮಾಡಿ ಮಾಡಿ ನೀರು ಕಮ್ಮಿಯಾಗಿ ಕ್ರಿಯಾಟಿನಿನ್ ಏರಿದ್ದಾ? ರಕ್ತ ಎಷ್ಟು ಸಲ ನೋಡಿದ್ರೂ ಇದಕ್ಕೆ ಉತ್ತರ ಸಿಗಲ್ಲ.

ಅದೇ ಹೊತ್ತಿನ ಮೂತ್ರದ ಒಂದು ಹನಿ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಹಾಕಿ ಸ್ಪೆಸಿಫಿಕ್ ಗ್ರಾವಿಟಿ, ಅಂದ್ರೆ ಮೂತ್ರ ಎಷ್ಟು ಗಟ್ಟಿ ಇದೆ ಅಂತ, ನೋಡಿ. 1.045 ಬಂತು ಅಂದ್ರೆ ಕಿಡ್ನಿ ನೀರನ್ನ ಗಟ್ಟಿಯಾಗಿ ಹಿಡಿದಿಟ್ಕೊಳ್ತಿದೆ, ಅಂದ್ರೆ ಕಿಡ್ನಿ ಕೆಲಸ ಮಾಡ್ತಿದೆ, ಏರಿರೋದು ನೀರು ಕಮ್ಮಿಯಾದ್ದಕ್ಕೆ. ಆಗ ಪ್ಯಾಂಕ್ರಿಯಾಸ್ ಮೇಲಿನ ಅನುಮಾನ ಉಳ್ಕೊಳ್ಳುತ್ತೆ. ಅದೇ 1.010 ಬಂದ್ರೆ, ಅಂದ್ರೆ 1.008ರಿಂದ 1.012ರ ಒಳಗೆ ಸಿಕ್ಕಿಹಾಕ್ಕೊಂಡಿದ್ರೆ, ನೀರು ಕಮ್ಮಿಯಿದ್ರೂ ಕಿಡ್ನಿಗೆ ಮೂತ್ರ ಗಟ್ಟಿ ಮಾಡೋಕಾಗ್ತಿಲ್ಲ, ಎರಡೂವರೆ ಪಟ್ಟಿನ ಲೈಪೇಸ್ ಆಗ ಸಾಕ್ಷಿಯಾಗಿ ನಿಲ್ಲಲ್ಲ. ನಾಯಿಗೆ ಸಾಮಾನ್ಯವಾಗಿ 1.030 ದಾಟಿದ್ರೆ ‘ಸರಿ, ಗಟ್ಟಿ ಮಾಡ್ತಿದೆ’ ಅಂತಾರೆ.

ಇಲ್ಲಿ ಎರಡು ಹಳ್ಳ ಇವೆ. ಒಂದು, ಡ್ರಿಪ್ ಹಾಕಿದ ಮೇಲೆ ತಗೊಂಡ ಮೂತ್ರ ಈ ಪ್ರಶ್ನೆಗೆ ಪ್ರಯೋಜನಕ್ಕೆ ಬರಲ್ಲ, ಅದು ಹೇಗೂ ತೆಳ್ಳಗೇ ಬರುತ್ತೆ, ಮೂತ್ರ ಹೆಚ್ಚಿಸೋ ಔಷಧಿ, ಸ್ಟೀರಾಯ್ಡ್ ಕೊಟ್ಟಿದ್ರೂ ಅಷ್ಟೇ. ಸಾಧ್ಯ ಆದ್ರೆ ಸೂಜಿ ಚುಚ್ಚೋಕ್ಕಿಂತ ಮುಂಚೇನೇ ಒಂದು ಕಪ್ಪಲ್ಲಿ ಹಿಡ್ಕೊಳ್ಳಿ. ಎರಡು, ಅಡಿಸನ್ ಕಾಯಿಲೆ. ಅದರಲ್ಲಿ ಕಿಡ್ನಿ ಸ್ವತಃ ಚೆನ್ನಾಗಿದ್ರೂ ಸೋಡಿಯಂ ಸೋರಿ ಹೋಗಿ ಮೂತ್ರ ಗಟ್ಟಿ ಆಗಲ್ಲ, ಕ್ರಿಯಾಟಿನಿನ್ ಏರಿರುತ್ತೆ, ವಾಂತಿ, ಸುಸ್ತು ಎಲ್ಲಾ ಇರುತ್ತೆ, ನೋಡೋಕೆ ಥೇಟ್ ಕಿಡ್ನಿ ಅಥವಾ ಪ್ಯಾಂಕ್ರಿಯಾಸ್ ಕೇಸ್. ಸೋಡಿಯಂ ಪೊಟ್ಯಾಶಿಯಂ ಅನುಪಾತ 27ಕ್ಕಿಂತ ಕೆಳಗಿದ್ರೆ, ಇಷ್ಟು ಕಾಯಿಲೆ ಬಿದ್ದ ನಾಯಿಯಲ್ಲಿ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಕಮ್ಮಿಯಾಗದೆ ಆರಾಮಾಗಿ ಕೂತಿದ್ರೆ, ಕಾರ್ಟಿಸಾಲ್ ಒಮ್ಮೆ ನೋಡಿಸಿ. ಬೇಸಲ್ ಕಾರ್ಟಿಸಾಲ್ 2 ಮೈಕ್ರೋಗ್ರಾಂ/ಡೆಸಿಲೀಟರ್ ದಾಟಿದ್ರೆ ಅಡಿಸನ್ ಸಾಧ್ಯತೆ ತೀರಾ ಕಮ್ಮಿ, ಅದಕ್ಕಿಂತ ಕೆಳಗಿದ್ರೆ ಎಸಿಟಿಎಚ್ ಹಾರ್ಮೋನ್ ಕೊಟ್ಟು ಕಾರ್ಟಿಸಾಲ್ ಏರುತ್ತಾ ಅಂತ ನೋಡೋ ಟೆಸ್ಟ್ ಬೇಕು.

ಇನ್ನು ಮೂತ್ರದಲ್ಲಿ ಅದ್ದಿ ಬಣ್ಣ ನೋಡೋ ಸ್ಟ್ರಿಪ್. ಗ್ರಾವಿಟಿ ಚೌಕ, ಬಿಳಿ ರಕ್ತಕಣದ ಚೌಕ, ನೈಟ್ರೈಟ್ ಚೌಕ, ಈ ಮೂರನ್ನೂ ನಾಯಿಯಲ್ಲಿ ನಂಬಬೇಡಿ. ಉಳಿದಿದ್ದರಲ್ಲಿ ನಮಗೆ ಬೇಕಾಗಿರೋದು ಗ್ಲೂಕೋಸ್, ಕೀಟೋನ್, ಬಿಲಿರುಬಿನ್ (ಪಿತ್ತದ ಹಳದಿ ಬಣ್ಣ).

ರಕ್ತದ ಗ್ಲೂಕೋಸ್ ಸುಮಾರು 180ರಿಂದ 220 ಮಿ.ಗ್ರಾಂ/ಡೆಸಿಲೀಟರ್ ದಾಟಿದ್ರೆ ಮೂತ್ರಕ್ಕೆ ಚೆಲ್ಲುತ್ತೆ. ನೋವು, ಗಾಬರಿಯಿಂದ ಏರೋ ಶುಗರ್ ನಾಯಿಯಲ್ಲಿ ಅಷ್ಟು ಎತ್ತರಕ್ಕೆ ಹೋಗೋದು ಕಮ್ಮಿ, ಹಾಗಾಗಿ ಮೂತ್ರದಲ್ಲಿ ಗ್ಲೂಕೋಸ್ ಕಂಡ್ರೆ ಡಯಾಬಿಟಿಸ್ ಬಗ್ಗೆ ಯೋಚನೆ ಮಾಡಲೇಬೇಕು, ಜೊತೆಗೆ ಕೀಟೋನೂ ಇದ್ರೆ ಅದು ಕೀಟೋಅಸಿಡೋಸಿಸ್ (ಕೀಟೋನ್ ತುಂಬಿ ರಕ್ತ ಆಮ್ಲೀಯವಾಗೋದು) ಕಡೆ ಹೋಗ್ತಿದೆ, ತುರ್ತು ವಿಷಯ. ಪ್ಯಾಂಕ್ರಿಯಾಟೈಟಿಸ್ ಮತ್ತೆ ಕೀಟೋಅಸಿಡೋಸಿಸ್ ಎರಡೂ ಒಟ್ಟೊಟ್ಟಿಗೆ ಬರೋದು ತುಂಬಾ ಸಲ ಕಾಣುತ್ತೆ, ಒಂದು ಸಿಕ್ತು ಅಂತ ಇನ್ನೊಂದನ್ನ ಹುಡುಕೋದು ಬಿಡಬಾರದು. ಕೀಟೋನ್‌ಗಳಲ್ಲಿ ಸ್ಟ್ರಿಪ್ ಹಿಡಿಯೋದು ಅಸಿಟೋಅಸಿಟೇಟನ್ನ ಮಾತ್ರ, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅದಕ್ಕೆ ಕಾಣಲ್ಲ, ಹಾಗಾಗಿ ಅನುಮಾನ ಜೋರಾಗಿದ್ದು ಸ್ಟ್ರಿಪ್ ನೆಗೆಟಿವ್ ಬಂದ್ರೆ ರಕ್ತದ ಕೀಟೋನ್ ಮೀಟರಲ್ಲಿ ನೋಡಿ.

ಬಿಲಿರುಬಿನ್ ಗಂಡು ನಾಯಿಯ ಗಟ್ಟಿ ಮೂತ್ರದಲ್ಲಿ ಒಂದು ಪ್ಲಸ್ ಇದ್ರೆ ಏನೂ ಅಲ್ಲ. ತೆಳ್ಳಗಿನ ಮೂತ್ರದಲ್ಲಿ, ಅಥವಾ ಎರಡು ಮೂರು ಪ್ಲಸ್ ಬಂದ್ರೆ ಪಿತ್ತನಾಳದ ಕಡೆ ಗಮನ ಕೊಡಿ. ಪ್ರೋಟೀನ್ ಕೂಡ ಕಾಯಿಲೆ ಜೋರಾಗಿರೋವಾಗ ತಾತ್ಕಾಲಿಕವಾಗಿ ಏರುತ್ತೆ, ಆಗಲೇ ಯುಪಿಸಿ (ಮೂತ್ರದ ಪ್ರೋಟೀನ್ ಕ್ರಿಯಾಟಿನಿನ್ ಅನುಪಾತ) ಮಾಡಿಸಿ ಕಿಡ್ನಿ ಕಾಯಿಲೆ ಅಂತ ಹಣೆಪಟ್ಟಿ ಹಚ್ಚಬೇಡಿ, ಚೇತರಿಸ್ಕೊಂಡ ಮೇಲೆ ನೋಡಿದ್ರೆ ಆಯ್ತು.

ಮೂತ್ರದಲ್ಲೇ ಪ್ಯಾಂಕ್ರಿಯಾಸ್ ಮಾರ್ಕರ್ ಒಂದಿದೆಯಲ್ಲಾ ಅಂತ ಓದಿದವರು ಕೇಳ್ತಾರೆ. ಇದೆ, ಟ್ರಿಪ್ಸಿನೋಜೆನ್ ಆಕ್ಟಿವೇಶನ್ ಪೆಪ್ಟೈಡ್, ಚಿಕ್ಕದಾಗಿ ಟ್ಯಾಪ್. ಟ್ರಿಪ್ಸಿನೋಜೆನ್ ಗ್ರಂಥಿಯ ಒಳಗೇ ಟ್ರಿಪ್ಸಿನ್ ಆಗಿ ಎದ್ದಾಗ ಒಂದು ಸಣ್ಣ ತುಂಡು ಕತ್ತರಿಸಿ ಬೀಳುತ್ತೆ, ಅದು ರಕ್ತಕ್ಕೆ ಬಂದು ಮೂತ್ರದಲ್ಲಿ ಹೊರಗೆ ಹೋಗುತ್ತೆ, ಅದನ್ನ ಕ್ರಿಯಾಟಿನಿನ್ ಜೊತೆ ಅನುಪಾತ ಹಾಕಿ ನೋಡಿದ್ರೆ ಉರಿಯೂತ ಸಿಗಬೇಕು ಅನ್ನೋದು ಲೆಕ್ಕಾಚಾರ. ಐಡಿಯಾ ಸೊಗಸಾಗಿದೆ, ಕೆಲಸಕ್ಕೆ ಮಾತ್ರ ಬರಲಿಲ್ಲ. ಆರೋಗ್ಯವಂತ ನಾಯಿಗಳಿಗೂ ಕಾಯಿಲೆ ನಾಯಿಗಳಿಗೂ ನಡುವೆ ಗೆರೆ ಎಳೆಯೋಷ್ಟು ವ್ಯತ್ಯಾಸ ಸಿಗಲ್ಲ, ಕಿಡ್ನಿ ತೊಂದರೆಯೂ ನಡುವೆ ತಲೆ ಹಾಕುತ್ತೆ, ದಿನನಿತ್ಯದ ಲ್ಯಾಬಲ್ಲಿ ಮಾಡೋದೂ ಇಲ್ಲ.

ಸಿಪಿಎಲ್‌ಐ

ಈಗಿರೋ ರಕ್ತ ಪರೀಕ್ಷೆಗಳಲ್ಲಿ ಹೆಚ್ಚು ನಂಬೋದು ಇದನ್ನೇ. ಲೈಪೇಸ್ ಮಾಡೋ ಕೆಲಸವನ್ನ ಅಳೆಯೋ ಬದಲು, ಪ್ಯಾಂಕ್ರಿಯಾಸಿಂದ ಬಂದ ಲೈಪೇಸ್ ಅಣುವನ್ನೇ ಆಂಟಿಬಾಡಿ ಹಾಕಿ ಹಿಡಿಯುತ್ತೆ. ನಾಯಿಗೆ ಅಂತಲೇ ಮಾಡಿದ ಕಿಟ್ ಬೇಕು, ಮನುಷ್ಯರದ್ದು, ಬೆಕ್ಕಿನದ್ದು ನಡೆಯಲ್ಲ.

ಇದನ್ನ ಕ್ಲಿನಿಕಲ್ಲೇ ಮಾಡೋ ಸ್ನಾಪ್ ಸಿಪಿಎಲ್ ಕಿಟ್ಟಲ್ಲಿ ಎರಡು ಚುಕ್ಕೆ ನೋಡ್ಬೇಕು, ಒಂದು ರೆಫರೆನ್ಸ್ ಚುಕ್ಕೆ, ಇನ್ನೊಂದು ಸ್ಯಾಂಪಲ್ ಚುಕ್ಕೆ. ಸ್ಯಾಂಪಲ್ ಚುಕ್ಕೆ ರೆಫರೆನ್ಸ್‌ಗಿಂತ ತೆಳುವಾಗಿದ್ರೆ ನಾರ್ಮಲ್. ಸಮಾನವಾಗಿದ್ರೆ ಅಥವಾ ಗಾಢವಾಗಿದ್ರೆ ಅಬ್‌ನಾರ್ಮಲ್. ತಪ್ಪಾಗೋದು ಈ ಸಮಾನ ಅನ್ನೋದರಲ್ಲೇ, ನೀಲಿ ಚುಕ್ಕೆ ಎರಡೂ ಒಂದೇ ಥರ ಕಾಣ್ತಿವೆ, ಒಬ್ಬರು ತೆಳು ಅಂತಾರೆ, ಪಕ್ಕದವರು ಸಮ ಅಂತಾರೆ. ಒಳ್ಳೇ ಬೆಳಕಲ್ಲಿ, ಹೇಳಿದ ಟೈಮಿಗೇ ಓದಿ, ಫ್ರಿಜ್ಜಿಂದ ತೆಗೆದ ಕಿಟ್ಟನ್ನ ರೂಮ್ ಬಿಸಿಗೆ ಬರೋಕೆ ಬಿಡಿ, ಟೈಮ್ ದಾಟಿ ಇನ್ನೊಮ್ಮೆ ತಿರುಗಿ ನೋಡಿ ಫಲಿತಾಂಶ ಬದಲಾಯಿಸಬೇಡಿ.

ಅಬ್‌ನಾರ್ಮಲ್ ಅಂದ್ರೆ ಲೀಟರಿಗೆ 200 ಮೈಕ್ರೋಗ್ರಾಂ ದಾಟಿದೆ ಅಂತಷ್ಟೇ. ಲ್ಯಾಬಲ್ಲಿ ಮಾಡೋ ಸ್ಪೆಕ್ ಸಿಪಿಎಲ್ ಲೆಕ್ಕದಲ್ಲಿ 200ರ ತನಕ ನಾರ್ಮಲ್, 400 ಮತ್ತು ಮೇಲೆ ಪ್ಯಾಂಕ್ರಿಯಾಟೈಟಿಸಿಗೆ ಹೊಂದುತ್ತೆ, ನಡುವಿನದು ಅಂದ್ರೆ 201ರಿಂದ 399 ಅತ್ತಲೂ ಅಲ್ಲ ಇತ್ತಲೂ ಅಲ್ಲ. ಸ್ನಾಪ್ ಚುಕ್ಕೆಗೆ 210 ಆದ್ರೂ 900 ಆದ್ರೂ ‘ಅಬ್‌ನಾರ್ಮಲ್’ ಒಂದೇ. ಅದಕ್ಕೆ ಸ್ನಾಪನ್ನ ಬಳಸಬೇಕಾಗಿರೋದು ಇಲ್ಲ ಅನ್ನೋಕೆ, ಹೌದು ಅನ್ನೋಕಲ್ಲ. ನೆಗೆಟಿವ್ ಬಂದ್ರೆ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಸಾಧ್ಯತೆ ಚೆನ್ನಾಗಿ ಇಳಿಯುತ್ತೆ. ಪಾಸಿಟಿವ್ ಬಂದ್ರೆ ಸಂಖ್ಯೆ ಕೊಡೋ ಟೆಸ್ಟಿಗೆ ಕಳಿಸಿ.

ಕಿಡ್ನಿ ಇದನ್ನೂ ಸ್ವಲ್ಪ ಅಲ್ಲಾಡಿಸುತ್ತೆ, ಆದ್ರೆ ಹಳೇ ಲೈಪೇಸ್ ಅಷ್ಟಲ್ಲ. ಬಹುಕಾಲದ ಕಿಡ್ನಿ ಕಾಯಿಲೆ ಒಂದೇ ಇದ್ರೆ ಸಾಮಾನ್ಯವಾಗಿ 400ರ ಗೆರೆ ಮುಟ್ಟಲ್ಲ. ಏಕಾಏಕಿ ಕಿಡ್ನಿ ಪೆಟ್ಟು ತಿಂದ ಕೇಸಲ್ಲಿ ಪ್ಯಾಂಕ್ರಿಯಾಸೂ ಜೊತೆಗೆ ನೊಂದಿರೋ ಸಾಧ್ಯತೆ ಇರುತ್ತೆ, ಬಿಡಿಸಿ ಹೇಳೋದು ಕಷ್ಟ.

ಟಿಎಲ್‌ಐ ಅಂತ ಟ್ರಿಪ್ಸಿನ್ ಥರದ ಕಿಣ್ವ ಅಳೆಯೋ ರಕ್ತ ಪರೀಕ್ಷೆ ಇನ್ನೊಂದಿದೆ, ಅದನ್ನ ಉರಿಯೂತ ಹುಡುಕೋಕೆ ಮಾಡಿಸಿ ದುಡ್ಡು ಹಾಳು ಮಾಡ್ಕೋಬೇಡಿ. ಏರುತ್ತೆ, ಆದ್ರೆ ಅಷ್ಟೇ ಬೇಗ ಇಳಿದೂ ಹೋಗುತ್ತೆ. ಅದರ ನಿಜವಾದ ಕೆಲಸ ಪ್ಯಾಂಕ್ರಿಯಾಸ್ ಸವೆದು ಕಿಣ್ವವೇ ತಯಾರಾಗದ ಇಪಿಐ ಕಾಯಿಲೆ ಹಿಡಿಯೋದು.

ಬೇರೆ ನಂಬರ್‌ಗಳು ಹೇಳೋ ಕಥೆ

ಎಎಲ್‌ಪಿ, ಎಎಲ್‌ಟಿ, ಬಿಲಿರುಬಿನ್ ಏರಿದ್ದು ನೋಡಿ ‘ಲಿವರ್ ಪ್ರಾಬ್ಲಮ್’ ಅಂತ ಲಿವರ್ ಟಾನಿಕ್ ಕುಡಿಸ್ತಾ ಕೂರೋದು ಮಾಮೂಲಿ ತಪ್ಪು. ಪಿತ್ತನಾಳ ಪ್ಯಾಂಕ್ರಿಯಾಸ್ ಪಕ್ಕದಲ್ಲೇ ಹಾದು ಕರುಳಿಗೆ ಸೇರುತ್ತೆ, ಗ್ರಂಥಿ ಊದಿದಾಗ ಅದನ್ನ ಒತ್ತುತ್ತೆ, ಪಿತ್ತ ಹಿಂದಕ್ಕೆ ನಿಲ್ಲುತ್ತೆ. ಆದ್ರೆ ಪಿತ್ತಕೋಶದಲ್ಲಿ ಗಟ್ಟಿ ಲೋಳೆ ತುಂಬ್ಕೊಳ್ಳೋ ಮ್ಯೂಕೋಸೀಲ್ ಕೂಡ ಇದೇ ಚಿತ್ರ ಕೊಡುತ್ತೆ, ಅದಕ್ಕೆ ಬಿಲಿರುಬಿನ್ ಏರಿದ ಕೇಸಲ್ಲಿ ಅಲ್ಟ್ರಾಸೌಂಡ್ ಮುಂದೂಡಬಾರದು.

ಕ್ಯಾಲ್ಶಿಯಂ ಕಮ್ಮಿ ಬಂದ್ರೆ ಮೊದಲು ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ನೋಡಿ. ಆಲ್ಬುಮಿನ್ ಇಳಿದಿದ್ರೆ ಟೋಟಲ್ ಕ್ಯಾಲ್ಶಿಯಂ ಅದರ ಹಿಂದೆಯೇ ಇಳಿಯುತ್ತೆ, ಲೆಕ್ಕ ಹಾಕಿ ಸರಿಪಡಿಸೋ ಸೂತ್ರ ನಾಯಿಯಲ್ಲಿ ಭರವಸೆಗೆ ಯೋಗ್ಯ ಅಲ್ಲ, ಅಯಾನೈಸ್ಡ್ ಕ್ಯಾಲ್ಶಿಯಂ (ಪ್ರೋಟೀನಿಗೆ ಅಂಟಿರದ ಭಾಗ) ಮಾಡಿಸಿ.

ರಕ್ತಕಣದಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣ ಏರಿ ಎಳೇ ಕಣಗಳು ಕಾಣಿಸೋದು ಸಾಮಾನ್ಯ. ಪ್ಲೇಟ್‌ಲೆಟ್ ಬಿದ್ದಿದ್ರೆ ಎರಡು ದಾರಿ: ಕಾಯಿಲೆ ಜೋರಾಗಿ ರಕ್ತ ಹೆಪ್ಪುಗಟ್ಟೋ ವ್ಯವಸ್ಥೆ ಹದಗೆಡ್ತಿದೆ, ಇಲ್ಲಾ ಇದು ಉಣ್ಣೆಯಿಂದ ಬರೋ ಬಬೇಸಿಯಾ, ಎರ್ಲಿಕಿಯಾ ಥರದ ಜ್ವರ. ಸ್ಮಿಯರ್, ಅಂದ್ರೆ ಗಾಜಿನ ಮೇಲೆ ಹಚ್ಚಿದ ರಕ್ತವನ್ನ, ಮೈಕ್ರೋಸ್ಕೋಪಲ್ಲಿ ನೋಡಿಸಿ, ಬಬೇಸಿಯಾದಲ್ಲಿ ಪ್ಯಾಂಕ್ರಿಯಾಸೂ ಊದಬಹುದು, ಹಾಗಾಗಿ ಸಿಪಿಎಲ್‌ಐ ಏರಿದೆ ಅಂತ ಉಣ್ಣೆ ಜ್ವರವನ್ನ ಪಟ್ಟಿಯಿಂದ ತೆಗೀಬೇಡಿ.

ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಏರೋ ಪ್ರೋಟೀನ್) ಏನು ಉರೀತಿದೆ ಅಂತ ಹೇಳಲ್ಲ, ಎಷ್ಟು ಉರೀತಿದೆ ಅಂತ ಹೇಳುತ್ತೆ. ಗಂಟೆಗಳಲ್ಲಿ ಏರುತ್ತೆ, ಉರಿಯೂತ ಇಳಿದ್ರೆ ದಿನಗಳಲ್ಲಿ ಬೀಳುತ್ತೆ, ಹಾಗಾಗಿ ಚಿಕಿತ್ಸೆ ಹಿಡೀತಾ, ಇಲ್ವಾ ಅಂತ ನೋಡೋಕೆ ಸಿಪಿಎಲ್‌ಐಗಿಂತ ನನಗೆ ಇದೇ ಇಷ್ಟ. ಮನುಷ್ಯರ ಕಿಟ್ಟಲ್ಲಿ ಮಾಡಿಸೋದಾದ್ರೆ ನಾಯಿಯ ಸಿಆರ್‌ಪಿಯನ್ನ ಅದು ಹಿಡಿಯುತ್ತೆ ಅಂತ ಪರೀಕ್ಷಿಸಿದ ಕಿಟ್ಟಾ ಅಂತ ಕೇಳಿ, ಎಲ್ಲವೂ ಹಿಡಿಯಲ್ಲ.

ಪಾಸಿಟಿವ್, ಆದ್ರೂ ಕಾಯಿಲೆ ಬೇರೆ

ಕರುಳಲ್ಲಿ ಏನೋ ಸಿಕ್ಕಿಹಾಕ್ಕೊಂಡಿದೆ, ಕರುಳಿನ ಉರಿಯೂತ, ಹೊಟ್ಟೆಯೊಳಗೆ ಕೀವು, ಕುಶಿಂಗ್ಸ್, ಫಿಟ್ಸಿಗೆ ಕೊಡೋ ಫಿನೋಬಾರ್ಬಿಟಾಲ್ ಮತ್ತೆ ಪೊಟ್ಯಾಶಿಯಂ ಬ್ರೋಮೈಡ್, ಇವೆಲ್ಲದರಲ್ಲೂ ಸಿಪಿಎಲ್‌ಐ ಏರಿರೋದು ಉಂಟು. ಇದರಲ್ಲಿ ಪ್ರಾಣಕ್ಕೆ ಕುತ್ತು ತರೋದು ಮೊದಲನೇದೇ. ಕಲ್ಲು, ಕಾಲುಚೀಲ, ಆಟದ ಸಾಮಾನು ನುಂಗಿದ ನಾಯಿಗೆ ‘ಸ್ನಾಪ್ ಪಾಸಿಟಿವ್, ಡ್ರಿಪ್ ಹಾಕೋಣ’ ಅಂತ ಮೂರು ದಿನ ಕಳೆದ್ರೆ ಕರುಳು ಕೊಳೆಯುತ್ತೆ. ಅದಕ್ಕೆ ವಾಂತಿ ನಿಲ್ಲದ ನಾಯಿಗೆ ರಕ್ತದ ರಿಪೋರ್ಟ್ ಏನೇ ಹೇಳಲಿ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ಒಂದಾದ್ರೂ ಆಗಲೇಬೇಕು, ಇದರಲ್ಲಿ ರಾಜಿ ಬೇಡ.

ನೆಗೆಟಿವ್, ಆದ್ರೂ ಅನುಮಾನ ಹೋಗ್ತಿಲ್ಲ

ಬಹುಕಾಲದಿಂದ ಆಗಾಗ ಒಂದು ದಿನ ಊಟ ಬಿಡೋದು, ಮತ್ತೆ ಸರಿಯಾಗೋದು, ಈ ಥರದ ಕ್ರೋನಿಕ್ ಕೇಸಲ್ಲಿ ಸಿಪಿಎಲ್‌ಐ ನಾರ್ಮಲ್ ಅಥವಾ ನಡುವಿನ ರೇಂಜಲ್ಲೇ ಬರೋದು ಹೆಚ್ಚು, ಗ್ರಂಥಿ ನಾರು ನಾರಾಗಿ ಸವೆದಿದ್ರೆ ರಕ್ತಕ್ಕೆ ಸೋರೋಕೆ ಕಿಣ್ವವೇ ಉಳಿದಿರಲ್ಲ. ನಾಯಿ ಚೆನ್ನಾಗಿರೋ ದಿನ ತೆಗೆದ ಸ್ಯಾಂಪಲ್ ಆದ್ರಂತೂ ಕೇಳೋದೇ ಬೇಡ, ಹುಷಾರಿಲ್ಲದ ದಿನವೇ ರಕ್ತ ಕೊಡ್ಸಿ.

ಅಕ್ಯೂಟ್ ಕೇಸಲ್ಲಿ ಅಲ್ಟ್ರಾಸೌಂಡ್ ಮೊದಲ ದಿನ ಏನೂ ತೋರಿಸದೆ ಒಂದೆರಡು ದಿನ ಬಿಟ್ಟು ಗ್ರಂಥಿ ಕಪ್ಪಗೆ, ಸುತ್ತಲಿನ ಕೊಬ್ಬು ಬೆಳ್ಳಗೆ ಕಾಣಿಸ್ಕೊಳ್ಳೋದು ಇದೆ. ಮೊದಲ ಸ್ಕ್ಯಾನ್ ಕ್ಲಿಯರ್ ಅಂತ ಫೈಲ್ ಮುಚ್ಚಬೇಡಿ, 48 ಗಂಟೆ ಬಿಟ್ಟು ಇನ್ನೊಮ್ಮೆ ಪ್ರೋಬ್ ಇಡ್ಸಿ.

ಮತ್ತೆ ಯಾವಾಗ ಏನು ಮಾಡಿಸ್ಬೇಕು

ಆಸ್ಪತ್ರೆಯಲ್ಲಿರೋವಾಗ ದಿನಾ ನೋಡ್ಬೇಕಾಗಿರೋದು ಕ್ರಿಯಾಟಿನಿನ್, ಎಲೆಕ್ಟ್ರೋಲೈಟ್, ಗ್ಲೂಕೋಸ್, ಎಷ್ಟು ಮೂತ್ರ ಹೋಗ್ತಿದೆ ಅನ್ನೋದು. ಸಿಪಿಎಲ್‌ಐಯನ್ನ ದಿನಾ ಮಾಡ್ಸೋದು ದಂಡ. ಮನೆಗೆ ಬಂದು ಎರಡು ಮೂರು ವಾರ ಆದ್ಮೇಲೆ ಒಮ್ಮೆ ಮಾಡ್ಸಿ, ಆಗಲೂ 400ರ ಮೇಲೇ ಇದ್ರೆ ಒಳಗೆ ಇನ್ನೂ ಉರೀತಿದೆ ಅಂತ ಲೆಕ್ಕ, ಅದೇ ಸ್ಯಾಂಪಲಲ್ಲಿ 12 ಗಂಟೆ ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡ್ ಕೂಡ ನೋಡ್ಸಿ, 500 ಮಿ.ಗ್ರಾಂ/ಡೆಸಿಲೀಟರ್ ದಾಟಿದ್ರೆ ಕಮ್ಮಿ ಕೊಬ್ಬಿನ ಆಹಾರ ಕಡ್ಡಾಯ ಅಂದ್ಕೊಳ್ಳಿ, ಕೊಡ್ತಿರೋ ಔಷಧಿಗಳ ಪಟ್ಟಿಯನ್ನೂ ಡಾಕ್ಟರ್ ಮುಂದಿಡಿ. ತಿಂಗಳುಗಳು ಕಳೆದ ಮೇಲೆ ನಾಯಿ ಚೆನ್ನಾಗಿ ತಿಂದ್ರೂ ಸೊರಗ್ತಿದೆ, ಮಲ ರಾಶಿ ರಾಶಿಯಾಗಿ ಜಿಡ್ಡು ಜಿಡ್ಡಾಗಿ ಹೋಗ್ತಿದೆ ಅಂದ್ರೆ ಆಗ ಟಿಎಲ್‌ಐ ಮಾಡ್ಸಿ, 2.5 ಮೈಕ್ರೋಗ್ರಾಂ/ಲೀಟರ್ ಅಥವಾ ಅದಕ್ಕಿಂತ ಕೆಳಗಿದ್ರೆ ಇಪಿಐ. ಉರಿಯೂತ ಮತ್ತೆ ಎದ್ದಿರೋ ದಿನ ಮಾತ್ರ ಅದನ್ನ ಮಾಡಿಸ್ಬೇಡಿ, ಸುಳ್ಳು ನಾರ್ಮಲ್ ಬರುತ್ತೆ. ನೀರು ಜಾಸ್ತಿ ಕುಡಿಯೋಕೆ ಶುರು ಮಾಡಿದ್ರೆ ಬೆಳಿಗ್ಗೆ ಮೊದಲ ಮೂತ್ರ ಹಿಡಿದು ಗ್ಲೂಕೋಸ್ ಚೌಕ ನೋಡಿ.